ಮೊಳೆಗೆ ತೂಗುವ ಬಿಲ್ಲೆ

ಮೊಳೆ ಖಾಲಿ, ಇನ್ನೂ ಖಾಲಿ, ಅದರ ಕೆಳಗೆ ಬಿಲ್ಲೆ ಉಜ್ಜಿ ಉಜ್ಜಿ ಗೋಡೆಯ ಮೇಲೆ ಆದ ಬೆಳ್ಳನೆಯ ಗೆರೆ ಮಾತ್ರ ಇದೆ, ಶರ್ಟು ಹೊಲಿಯುವ ನಮ್ಮ ಇಡೀ ಸಾಲಿಗೆ ಇರುವುದು ಆ ಒಂದೇ ಮರದ ಬಿಲ್ಲೆ, ಅದು ಕೈಯಲ್ಲಿದ್ದರೆ ಮಾತ್ರ ಬಾತ್‌ರೂಮಿಗೆ ಹೋಗಬಹುದು, ಇಲ್ಲದೆ ಎದ್ದವಳನ್ನು ಎಲ್ಲರ ಮುಂದೆ ನಿಲ್ಲಿಸುತ್ತಾರೆ, ಮೊನ್ನೆ ಹೊಸ ಹುಡುಗಿಯನ್ನು ನಿಲ್ಲಿಸಿದ್ದರು, ಇವತ್ತು ಅವಳೇ ಬಿಲ್ಲೆ ಹಿಡಿದು ಹೋದವಳು ಅಲ್ಲೇ ಮನೆ ಮಾಡಿಕೊಂಡಿದ್ದಾಳೆ, ಹಾಳಾದವಳು — ಪಾಪ, ಅವಳದೂ ತಿಂಗಳ ಡೇಟ್ ಇರಬೇಕು, ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ತಲೆ ಒರಗಿಸಿ ಕೂತಿರಬೇಕು, ನಾನೂ ಎಷ್ಟು ಸಲ ಹಾಗೆ ಕೂತಿಲ್ಲ — ಆದರೂ ಬೇಗ ಬಾರೇ, ನನ್ನದು ಡೇಟ್ ಅಲ್ಲ, ಆಗಕೂಡದು, ಸೊಂಟದಲ್ಲಿ ಹಿಂಡಿ ತೊಡೆಗೆ ಇಳಿಯುವ ಈ ನೋವು ನನಗೆ ಹಳೆಯ ಪರಿಚಯ, ಆದರೆ ಇದು ಅದಾಗಿರಲಾರದು, ಒಂದು ಕಾಲರ್ ಮುಗಿಯಿತು, ಇನ್ನೊಂದು, ಮೂಲೆಗೆ ಬಂದಾಗ ಸೂಜಿ ಕೆಳಗೆ ಬಿಡು, ಬಟ್ಟೆ ತಿರುಗಿಸು, ಒತ್ತು.

ಈ ತಿಂಗಳು ಆಗಿಲ್ಲ, ಯಾರಿಗೂ ಹೇಳಿಲ್ಲ, ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಅತ್ತೆ ನಕ್ಕಾರು, ಗಂಡನಿಗೂ ಹೇಳಿಲ್ಲ, ಅವನಿಗೆ ನನ್ನ ತಿಂಗಳು ನನಗಿಂತ ಮೊದಲೇ ಗೊತ್ತಾಗುತ್ತದೆ, ಏನೇ, ಪಾತ್ರೆ ಎಲ್ಲಾ ಕುಕ್ತಾ ಇದೀಯ, ಬಂತಾ ನಿಂದು, ಅನ್ನುತ್ತಾನೆ, ಮೈಯೆಲ್ಲ ಊದಿಕೊಂಡು, ಯಾರು ಮಾತಾಡಿಸಿದರೂ ಅಳು ಬಂದು, ಸತ್ತರೇ ವಾಸಿ ಅನಿಸುವ ದಿನಗಳು ಅವು, ರಕ್ತ ಕಂಡೊಡನೆ ಮನಸ್ಸು ಹಗುರಾಗಿ ನೋವೊಂದೇ ಉಳಿಯುತ್ತದೆ, ಈ ಸಲ ಆ ಸಿಟ್ಟು ಬರಲೇ ಇಲ್ಲ, ಬದಲಿಗೆ ಮಷೀನಿನ ಎಣ್ಣೆ ವಾಸನೆಗೆ ಹೊಟ್ಟೆ ತೊಳಸಿತು, ಎಷ್ಟು ಸಂತೋಷವಾಯಿತೆಂದರೆ ಎಣ್ಣೆ ಡಬ್ಬಿಯನ್ನು ಮತ್ತೊಮ್ಮೆ ಬೇಕೆಂದೇ ಮೂಸಿದೆ, ಪಕ್ಕದ ಮಷೀನಿನ ಗುಂಡಿ ಅಕ್ಕ — ಗುಂಡಿ ಹೊಲಿಯುವವಳು, ನಿಜವಾದ ಹೆಸರು ಎಲ್ಲರಿಗೂ ಮರೆತಿದೆ — ಓರೆಗಣ್ಣಲ್ಲಿ ನೋಡಿ, ಹುಚ್ಚು ಹಿಡೀತೇನೇ ನಿಂಗೆ, ಅಂದಳು, ಆಮೇಲೆ ತನ್ನ ದಿಂಬನ್ನು ನನ್ನ ಬೆನ್ನಿಗೆ ತುರುಕಿದಳು.

ಇಷ್ಟು ವರ್ಷ ಯಾಕೆ ಬಸಿರು ನಿಲ್ಲಲಿಲ್ಲ ಎಂದು ಕೇಳದವರಿಲ್ಲ, ಏನೆಂದು ಹೇಳಲಿ, ಸೂಪರ್‌ವೈಸರ್ ಮೇಡಂ ಮೇಜಿನ ಖಾನೆಯಲ್ಲಿ ಬಿಳಿ ಮಾತ್ರೆ ಇಟ್ಟಿರುತ್ತಾಳೆ, ಶರ್ಟಿನ ಲೋಡ್ ಲಾರಿಯಲ್ಲಿ ಹೋಗುವ ವಾರ ಯಾರ ಮುಖ ಬಾಡಿದರೂ, ನುಂಗಮ್ಮ, ಈ ವಾರ ಡೇಟ್ ಬರಲ್ಲ, ಅನ್ನುತ್ತಾ ಹೆತ್ತ ತಾಯಿಯ ಹಾಗೆ ನೀರಿನ ಲೋಟವನ್ನೂ ಕೈಗಿಡುತ್ತಾಳೆ, ಬಿಲ್ಲೆಗೆ ಕಾಯುವುದಕ್ಕಿಂತ ಅದೇ ವಾಸಿ ಎಂದು ನಾವೆಲ್ಲ ನುಂಗಿದೆವು, ಆಮೇಲೆ ನನ್ನ ತಿಂಗಳಿಗೆ ಹೇಳುವವರು ಕೇಳುವವರು ಇಲ್ಲದಂತಾಯಿತು, ಬಾರದಿದ್ದರೆ ಬರುವುದೇ ಇಲ್ಲ, ಬಂದರೆ ನಿಲ್ಲುವುದೇ ಇಲ್ಲ, ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ, ಡಾಕ್ಟರಮ್ಮ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಏನಮ್ಮ ಆ ಮಾತ್ರೆ ಹೆಸರು, ಬಿಳೀದು ಡಾಕ್ಟ್ರೇ, ಬಿಳೀದು ಅನ್ನೋದು ಒಂದು ಹೆಸರಾ, ಇನ್ಮೇಲೆ ಮುಟ್ಬೇಡ — ಮುಟ್ಟಲಿಲ್ಲ, ಹಲ್ಲು ಕಚ್ಚಿಕೊಂಡು ನೋವು ತಿಂದೆ, ತಿಂಗಳು ದಾರಿಗೆ ಬಂತು, ಆಮೇಲೆ ನೀನು ಬಂದೆ, ಇರು ಕಂದಾ, ಅಲ್ಲಾಡಬೇಡ, ನಾನೂ ಅಲ್ಲಾಡುವುದಿಲ್ಲ — ಬಿಸಿಯಾಗಿ ಏನೋ ಇಳಿಯಿತು, ಬೆವರು, ಬೆವರೇ ಇರಬೇಕು, ಹೋಗಿ ನೋಡಿದರೆ ತಿಳಿಯುತ್ತದೆ, ಬಿಲ್ಲೆ ಎಲ್ಲಿ, ಮೊಳೆ ಖಾಲಿ, ಯಾಕಮ್ಮ ಕೈ ನಿಂತುಬಿಡ್ತು, ಮೇಡಂ ಬಗ್ಗಿ ಕೇಳುತ್ತಿದ್ದಾಳೆ, ಹೊಟ್ಟೆನೋವಾ, ಮಾತ್ರೆ ಕೊಡ್ಲಾ, ಬೇಡ ಮೇಡಂ, ಹಾಗಾದ್ರೆ ಹೊಲಿ, ಮುಂದಿನವಳು ಕಾಯ್ತಾ ಇದಾಳೆ ನೋಡು, ಹೊಲಿಯುತ್ತಿದ್ದೇನೆ.

ಹೊಸ ಹುಡುಗಿ ಬಂದಳು, ಮುಖ ತೊಳೆದಿದ್ದಾಳೆ, ಕಣ್ಣು ಕೆಂಪಗಿದೆ, ಕೈ ಎತ್ತಿ ಬಿಲ್ಲೆ ತಗುಲಿಹಾಕಿದಳು, ಬಂತು ನೋಡೇ, ಹೋಗು, ನಿನ್ನ ಕಾಲರ್ ನಾನು ಹೊಲೀತೀನಿ, ಗುಂಡಿ ಅಕ್ಕ ತನ್ನ ಶಾಲನ್ನು ನನ್ನ ಮಡಿಲಿಗೆ ಹಾಕುತ್ತಿದ್ದಾಳೆ, ಸೊಂಟಕ್ಕೆ ಸುತ್ಕೊಂಡು ಏಳು, ಯಾಕೆ ಸುತ್ತಿಕೊಳ್ಳಬೇಕು, ಅವಳು ನನ್ನ ಸ್ಟೂಲಿನ ಕಡೆ ನೋಡಿದಳು, ಮತ್ತೆ ನನ್ನ ಮುಖ ನೋಡಲಿಲ್ಲ, ಬಾಯಿ ತೆರೆದರೆ ಬೈಯುವವಳ ದನಿ ಇಷ್ಟು ಮೆತ್ತಗೆ ಯಾಕಿದೆ, ಅಯ್ಯೋ ಅಕ್ಕಾ, ಬೈಯೇ ನನ್ನ, ನಾನು ಕೆಳಗೆ ನೋಡುವುದಿಲ್ಲ, ಎದ್ದರೆ ಹೋಗಬೇಕು, ಹೋದರೆ ಚಿಲಕ ಹಾಕಿ ನೋಡಬೇಕು, ಇಲ್ಲಿ ಕೂತಿರುವಷ್ಟು ಹೊತ್ತು ನಾನಿನ್ನೂ ಬಸುರಿ, ಇದೊಂದು ಕಾಲರ್ ಅಕ್ಕಾ, ಇದೊಂದೇ, ಏಳೇ, ಮತ್ಯಾರಾದ್ರೂ ತಗೊಂಡು ಹೋಗ್ತಾರೆ, ಹೋಗಲಿ, ಯಾರಾದರೂ ತೆಗೆದುಕೊಂಡು ಹೋಗಬಾರದೇ, ಯಾರೂ ಏಳುತ್ತಿಲ್ಲ, ಬಿಲ್ಲೆ ಮೊಳೆಯಲ್ಲಿ ತೂಗುತ್ತಿದೆ, ಗೋಡೆಯ ಬಿಳಿ ಗೆರೆಯ ಮೇಲೆ, ಅತ್ತ, ಇತ್ತ, ಅತ್ತ — ಬಿಲ್ಲೆ ನಿಂತಿತು.