ಟವೆಲ್ಲಿನ ಕೆಳಗಿನ ಬೆಲೆ

ಸಂಶಿಯ ಮಲ್ಲಕ್ಕ ತಾನು ಸಾಕಿದ ಟಗರು ಮಾರಿದ ರೊಕ್ಕದಲ್ಲಿ ಗೇಮ್ ಕನ್ಸೋಲ್ ಕೊಳ್ಳಲು ಹೊರಟಾಗ ಓಣಿಯೆಲ್ಲ ನಕ್ಕಿತು. ಮಲ್ಲಕ್ಕ ಯಾರಿಗೂ ಸೊಪ್ಪು ಹಾಕಲಿಲ್ಲ. ಮಗಳ ಮನೆಯಲ್ಲಿ ಒಂದು ವಾರ ಕಾರ್ ರೇಸು ಆಡಿ ಅಳಿಯನನ್ನು ಸೋಲಿಸಿ ಬಂದವಳು ಅವಳು. ಈಗ ಗಂಡ ಮೈಲಾರಪ್ಪನನ್ನು ಸೋಲಿಸಬೇಕಿತ್ತು. ಮೂವತ್ತು ವರ್ಷ ಕುರಿಗೆ ಮೇವು ಹಾಕಿದ್ದು ಇವಳು. ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ಗುಟ್ಟಾಗಿ ಬೆಲೆ ಕುದುರಿಸಿದ್ದು ಅವನು. ಎಷ್ಟಕ್ಕೆ ಹೋಯಿತೆಂದು ಕೇಳಿದರೆ, “ಗಂಡಸರ ವ್ಯಾಪಾರ, ನಿನಗ್ಯಾಕ?” ಎನ್ನುತ್ತಿದ್ದ.

ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯ ಹುಡುಗ ಇಸ್ರಾರ್ ಎರಡು ಕನ್ಸೋಲ್ ಮುಂದಿಟ್ಟ. ದೊಡ್ಡದಕ್ಕೆ ನಲವತ್ತು ಸಾವಿರ, ಸಣ್ಣದಕ್ಕೆ ಇಪ್ಪತ್ತು ಎಂದ. ಜೊತೆಗೆ ಬಂದಿದ್ದ ಮೈಲಾರಪ್ಪ ದೊಡ್ಡದನ್ನು ಎತ್ತಿ ತೂಗಿದ, ಬೆನ್ನು ಸವರಿದ, ಗಾಳಿ ಬಿಡುವ ಕಿಂಡಿಗೆ ಮೂಗು ಹಚ್ಚಿದ. ಹಲ್ಲು ಎಣಿಸುವುದೊಂದು ಬಾಕಿ ಇತ್ತು.

“ಇದರ ದಮ್ಮು ನೋಡ ಬೇ! ಅಗದಿ ಖಾಸ್ ಮಾಲು. ಊರಾಗ ಮರ್ಯಾದಿ.”

ಮಲ್ಲಕ್ಕನಿಗೆ ಮೈ ಉರಿಯಿತು. ಟಗರಿಗೆ ಹುರುಳಿ ತಿನ್ನಿಸಿದ್ದು ತಾನು, ಮರ್ಯಾದೆ ಮಾತ್ರ ಇವನದು.

“ತಮ್ಮಾ, ದೊಡ್ಡದರ ಸಂಗಾಟ ಆಡೋ ರಿಮೋಟು ಎಷ್ಟು ಬರ್ತಾವ?”

“ಒಂದ ರೀ, ಅವ್ವಾರ.”

“ಸಣ್ಣದಕ್ಕ?”

“ಎರಡು ರೀ. ಆದ್ರ ಚಿತ್ರ ಅಷ್ಟು ಚಂದ ಕಾಣಂಗಿಲ್ಲ.”

“ನನ್ನ ಕಣ್ಣಾಗ ಪೊರಿ ಬಂದೈತಿ. ಯಾವ ಚಿತ್ರಾದ್ರೂ ಅಷ್ಟ ಕಾಣೂದು. ಸಣ್ಣದ ಕೊಡು.”

“ನಿನಗೇನ ತಿಳೀತೈತಿ? ಸುಮ್ನ ನಿಂದರು,” ಎಂದು ಮೈಲಾರಪ್ಪ ಹೆಗಲ ಟವೆಲ್ಲಿಗೆ ಕೈ ಹಾಕಿದ. ಅಷ್ಟರಲ್ಲಿ ಮಲ್ಲಕ್ಕ ಅದನ್ನು ಎಳೆದುಕೊಂಡು ಇಸ್ರಾರನ ಕೈ ಮೇಲೆ ಹೊದಿಸಿ, ತನ್ನ ಕೈಯನ್ನೂ ಒಳಗೆ ತೂರಿಸಿಬಿಟ್ಟಳು. ಇಸ್ರಾರನ ಅಪ್ಪ ಅಣ್ಣಿಗೇರಿಯಲ್ಲಿ ಕುರಿ ವ್ಯಾಪಾರಿ; ಹುಡುಗನಿಗೆ ಬೆರಳಿನ ಲೆಕ್ಕ ಬರುತ್ತಿತ್ತು, ಕುರಿ ಸಾಕಿದ ಮಲ್ಲಕ್ಕನಿಗೂ. ಅವಳ ಹಿಡಿತಕ್ಕೆ ಅವನು ಮುಖ ಕಿವುಚಿದ. ಎರಡು ಸಲ ತಲೆ ಅಲ್ಲಾಡಿಸಿದ, ಮೂರನೆಯ ಸಲ ನಕ್ಕ. ರೊಕ್ಕವೂ ಟವೆಲ್ಲಿನ ಕೆಳಗೇ ಕೈ ಬದಲಾಯಿತು. ಮೈಲಾರಪ್ಪ ಟವೆಲ್ಲಿನ ಹೊರಗೆ ಬಾಯಿ ಬಿಟ್ಟುಕೊಂಡು ನಿಂತಿದ್ದ. ಮಲ್ಲಕ್ಕನಿಗೆ ಆದ ಖುಷಿ ಅಷ್ಟಿಷ್ಟಲ್ಲ.

ಬಸ್ಸಿನಲ್ಲಿ ಕುಂದಗೋಳ ದಾಟುವ ತನಕ ಅವನು ತಡೆದುಕೊಂಡ.

“ಎಷ್ಟಕ್ಕ ಆತ?”

“ಆಟದಾಗ ನನ್ನ ಸೋಲಸು, ಹೇಳತೇನಿ.”

ಎರಡು ತಿಂಗಳಾಯಿತು. ಮೈಲಾರಪ್ಪ ದಿನಾ ಸಂಜೆ ರಿಮೋಟು ಹಿಡಿದು ಕೂರುತ್ತಾನೆ. ಬೆಲೆ ಇನ್ನೂ ಗೊತ್ತಾಗಿಲ್ಲ.