ಜುಲೈ ಹದಿನಾರರ ಸೂಜಿ

ಮಸ್ಕತ್ತಿಗೆ ಹೋಗಿಬರುವ ಟಿಕೆಟ್ಟು ಇಪ್ಪತ್ತೇಳು ಸಾವಿರ. ವೀಸಾ ಐದು ಸಾವಿರದ ಹತ್ತಿರ. ಹೊರಡುವ ಮುಂಚೆ ಕೊರೊನಾ ಟೆಸ್ಟಿಗೆ ಮೂಗಿಗೆ ಕಡ್ಡಿ ಹಾಕಿಸಿಕೊಳ್ಳಲು ಎಂಟುನೂರು. ಇನ್ಶೂರೆನ್ಸು, ಟ್ಯಾಕ್ಸಿ, ಅಲ್ಲಿನ ಕೈಖರ್ಚು ಸೇರಿದರೆ ನಲವತ್ತು ಸಾವಿರ. ಖುರ್ಷೀದಾ ಕಮರ್ಷಿಯಲ್ ಸ್ಟ್ರೀಟಿನ ಅಂಗಡಿಗಳಿಗೆ ಸೀರೆ ಫಾಲ್ ಹೊಲಿಯುವ ಹೆಂಗಸು, ಸೀರೆಗೆ ನಲವತ್ತು ರೂಪಾಯಿ. ಅಂದರೆ ಸಾವಿರ ಸೀರೆ. ಲಸಿಕೆಗೆ ಮಾತ್ರ ಕಾಸಿಲ್ಲ, ಕ್ಯಾಂಪಿನಲ್ಲಿ ಬಿಟ್ಟಿ ಹಾಕುತ್ತಿದ್ದರು.

ಈ ಲೆಕ್ಕವನ್ನು ಆಕೆಗೆ ಹೇಳಿದವನು ನಾನು. ಶಿವಾಜಿನಗರ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಟಿಕೆಟ್ ಅಂಗಡಿ. ಆಕೆಯ ಗಂಡ ಕರೀಂ ಮಸ್ಕತ್ತಿನ ಗ್ಯಾರೇಜೊಂದರಲ್ಲಿ ಹನ್ನೆರಡು ವರ್ಷ ಕಾರುಗಳಿಗೆ ಬಣ್ಣ ಹೊಡೆದವನು. ಎರಡು ವರ್ಷಕ್ಕೊಮ್ಮೆ ಬರುತ್ತಿದ್ದ, ಟಿಕೆಟ್ಟು ಪ್ರತಿಸಲವೂ ನನ್ನಲ್ಲೇ. 2020ರ ಏಪ್ರಿಲ್‌ಗೂ ಬುಕ್ ಮಾಡಿದ್ದೆ. ಅಷ್ಟರಲ್ಲಿ ವಿಮಾನಗಳೇ ನಿಂತುಹೋದವು. ಮರುವರ್ಷ ರಂಜಾನ್ ಹಬ್ಬ ಮುಗಿದ ವಾರದಲ್ಲೇ ಕೊರೊನಾ ಬಂದು ತೀರಿಕೊಂಡ. ಅಲ್ಲೇ ಮಣ್ಣು ಮಾಡಿದರು. ಖುರ್ಷೀದಾ ಅವನ ಮುಖ ಕೊನೆಯದಾಗಿ ಕಂಡದ್ದು 2018ರಲ್ಲಿ.

ಗಂಡ ಹೋದ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಮನೆಯೊಳಗೇ ಇರುವುದು ಅವರಲ್ಲಿ ಪದ್ಧತಿ. ಇದ್ದತ್ ಎನ್ನುತ್ತಾರೆ. ಅದನ್ನು ಮುಗಿಸಿ, ಅಕ್ಟೋಬರ್‌ನಲ್ಲಿ ಮಗಳು ತೂಬಾಳನ್ನು ಕರೆದುಕೊಂಡು ಆಕೆ ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು.

"ಗೋರಿ ನೋಡ್ಬೇಕು ರಾಮಣ್ಣ. ನವೆಂಬರ್ ಒಳಗೆ."

"ಅಷ್ಟು ಅರ್ಜೆಂಟ್ ಯಾಕೆ ಆಪಾ?"

"ಅಲ್ಲಿ ಗೋರಿ ಮೇಲೆ ಹೆಸರು ಬರಿಯಲ್ಲ. ಎರಡು ಕಲ್ಲು ನೆಡ್ತಾರೆ, ಅಷ್ಟೇ. ಯಾವುದು ಅವರದ್ದು ಅಂತ ನನ್ನ ತಮ್ಮ ಓವೈಸ್‌ಗೆ ಮಾತ್ರ ಗೊತ್ತು. ಅವನೇ ನಿಂತು ಮಣ್ಣು ಹಾಕಿದ್ದು. ನವೆಂಬರ್‌ಗೆ ಅವನ ಕೆಲಸ ಮುಗೀತದೆ, ವಾಪಸ್ ಕಳಿಸ್ತಾರೆ."

ನಾನು ನಿಯಮ ಹೇಳಿದೆ. ಎರಡು ಡೋಸ್ ಆಗಿರಬೇಕು. ಎರಡನೆಯದು ಹಾಕಿಸಿ ಹದಿನಾಲ್ಕು ದಿನ ಕಳೆದಿರಬೇಕು.

"ಒಂದೇ ಆಗಿರೋದು. ಎರಡನೇದಕ್ಕೆ ದಿನ ಬಂದಾಗ ಇದ್ದತ್‌ನಲ್ಲಿದ್ದೆ."

"ನಿಮಗೇನಾದ್ರೂ ಬಂದು ಹೋಗಿತ್ತಾ? ಪಾಸಿಟಿವ್ ರಿಪೋರ್ಟ್ ಇದ್ರೆ, ಗುಣ ಆದೋರು ಅಂತ ಕೆಲವು ದೇಶದಲ್ಲಿ ಒಂದು ಡೋಸಿಗೂ ಬಿಡ್ತಾರೆ. ಕೇಳಿ ನೋಡ್ಬಹುದು."

"ಬಂದಿತ್ತು. ವಾಸನೇನೇ ಇರ್ಲಿಲ್ಲ ಒಂದು ವಾರ. ಟೆಸ್ಟ್ ಎಲ್ಲಿ ಮಾಡಿಸ್ಲಿ? ಬಾಗಿಲಿಗೆ ಕಾಗದ ಅಂಟಿಸೋರು. ಆಮೇಲೆ ಯಾರು ಸೀರೆ ಕೊಡ್ತಿದ್ರು?"

"ಹಂಗಾದ್ರೆ ಗುಣ ಆಗಿದ್ದಕ್ಕೆ ಸಾಕ್ಷಿ ನೀವು ಬದುಕಿರೋದು ಒಂದೇ."

"ಅದನ್ನ ಅಪ್‌ಲೋಡ್ ಮಾಡೋಕಾಗಲ್ಲ ಅಂಕಲ್," ಅಂದಳು ತೂಬಾ. ತಾಯಿಯೂ ನಕ್ಕರು. ಎಷ್ಟೋ ದಿನದ ಮೇಲೆ ನಕ್ಕವರಂತೆ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು.

ದಿನ ಲೆಕ್ಕ ಹಾಕಿದೆ. ನಾಳೆಯೇ ಸೂಜಿ ಹಾಕಿಸಿಕೊಂಡರೂ ನವೆಂಬರ್ ಆರಂಭಕ್ಕೆ ಹೊರಡಬಹುದು. ಅಡ್ಡಿಯಿಲ್ಲ. ಮೊದಲ ಡೋಸಿನ ಸರ್ಟಿಫಿಕೇಟ್ ತೆಗೆಯೋಣ ಎಂದು ತೂಬಾಳ ಫೋನಿನ ನಂಬರ್ ಹಾಕಿದೆ. ಕಂಪ್ಯೂಟರಿನಲ್ಲಿ ಬಂದದ್ದು ನೋಡಿ ಮೇಜು ಕುಟ್ಟಿದೆ.

"ಆಪಾ! ನಿಮಗೆ ಎರಡೂ ಆಗಿದೆ ಅಂತಿದೆ. ಜುಲೈ ಹದಿನಾರು. ಕಾಯೋದೇ ಬೇಡ, ನಾಳೆ ವೀಸಾಕ್ಕೆ ಹಾಕೋಣ."

ತೂಬಾಳ ಮುಖ ಇಳಿಯಿತು. ಆವತ್ತು ಕ್ಯಾಂಪಿನವರು ಮನೆ ಬಾಗಿಲಿಗೇ ಬಂದಿದ್ದರಂತೆ. ಅಮ್ಮಿ ಹೊರಗೆ ಬರಲ್ಲ ಎಂದಳಂತೆ ಇವಳು. ಹಾಗಾದರೆ ಪಟ್ಟಿಯಿಂದ ಹೆಸರು ತೆಗೀತೀವಿ, ಫೋನಿಗೆ ಬಂದ ನಂಬರ್ ಹೇಳು ಎಂದರಂತೆ. ಹೇಳಿದ್ದಾಳೆ. ಅವರಿಗೆ ದಿನಕ್ಕಿಷ್ಟು ಡೋಸ್ ಹಾಕಿದೆವೆಂದು ತೋರಿಸಬೇಕಿತ್ತು, ತೋರಿಸಿದ್ದಾರೆ.

ಖುರ್ಷೀದಾ ಪರದೆಯ ಹತ್ತಿರ ಬಗ್ಗಿ ತಾರೀಖನ್ನು ಬೆರಳಿನಿಂದ ಮುಟ್ಟಿದರು.

"ಇದರಲ್ಲಿ ನಾನು ಆವತ್ತು ಹೊರಗೆ ಹೋಗಿ ಹಾಕಿಸ್ಕೊಂಡೆ ಅಂತಿದೆ."

"ಔಷಧಿಗೆ ಹೋಗ್ಬಹುದು ಅಂತ ನಿಮ್ಮ ಮಸೀದಿಯವರೇ ಹೇಳಿದ್ರಂತಲ್ಲ."

"ಹೋಗ್ಬಹುದಿತ್ತು. ನಾನು ಹೋಗ್ಲಿಲ್ಲ."

"ಏರ್‌ಪೋರ್ಟ್‌ನೋನು ಅದನ್ನೆಲ್ಲ ಕೇಳಲ್ಲ ಆಪಾ. ಕೋಡ್ ಸ್ಕ್ಯಾನ್ ಮಾಡಿ ಒಳಗೆ ಬಿಡ್ತಾನೆ."

"ಅವನು ಕೇಳಲ್ಲ. ಈ ಕಾಗದ ಬ್ಯಾಗಲ್ಲಿಟ್ಕೊಂಡು ಗೋರೀಲಿರೋ ಅವರ ಕಾಲ ಹತ್ರ ಕೂತ್ಕೊಳ್ಳೋಳು ನಾನು." ಪರದೆಯಿಂದ ಬೆರಳು ತೆಗೆದು ಹೇಳಿದರು, "ಬಾಯಿಗೆ ನೀರು ಬಿಡ್ಲಿಲ್ಲ. ಕಫನ್ ಬಟ್ಟೆ ಹೊದಿಸೋದು ನೋಡ್ಲಿಲ್ಲ. ಅವರಿಗೋಸ್ಕರ ನಾನು ಮಾಡಿದ್ದು ಅದೊಂದೇ ರಾಮಣ್ಣ, ಮನೇಲಿ ಕೂತಿದ್ದು. ಅದೂ ಸುಳ್ಳು ಅನ್ನುತ್ತಲ್ಲ ಇದು. ನಕ್ಕೋ, ಬೇಡ ನನಗೆ."

ನನಗೆ ಸಿಟ್ಟೇ ಬಂತು. ದಾರಿ ಕಣ್ಣೆದುರಿಗಿದೆ, ಈ ಹೆಂಗಸು ಹೊಸಿಲು ದಾಟಲೊಲ್ಲರು. ಆದರೆ ಕರೀಂ ಸಂಗತಿ ನನಗೂ ಗೊತ್ತಿತ್ತು. ಶುಕ್ರವಾರದ ನಮಾಜು ಮುಗಿಸಿ ಫೋನ್ ಮಾಡಿ, ಆ ವಾರ ಯಾವ ಕಾರಿಗೆ ಯಾವ ಬಣ್ಣ ಹೊಡೆದೆ ಎಂದು ಹೆಂಡತಿಗೆ ಹೇಳುತ್ತಿದ್ದ. ಅದನ್ನು ಕೇಳಿ ಕೇಳಿ, ರಸ್ತೆಯಲ್ಲಿ ನಿಂತ ಕಾರು ನೋಡಿದರೆ ಸಾಕು, ಈ ಬಾಗಿಲಿಗೆ ಆಮೇಲೆ ಬಣ್ಣ ಹೊಡೆದಿದಾರೆ ಎಂದು ಗುರುತು ಹಿಡಿಯುವಷ್ಟು ಕಲಿತಿದ್ದರು ಆಕೆ. ಈಗಲೂ ಶುಕ್ರವಾರ ಮಧ್ಯಾಹ್ನ ಹೊಲಿಗೆ ನಿಲ್ಲಿಸಿ ಸುಮ್ಮನೆ ಕೂರುತ್ತಾರೆ ಎಂದು ತೂಬಾ ಹೇಳಿದ್ದಳು.

ವಾರ್ಡಿನ ಆರೋಗ್ಯ ಕೇಂದ್ರಕ್ಕೆ ನಾನೂ ಜೊತೆಗೆ ಹೋದೆ. ಅಲ್ಲಿದ್ದ ನರ್ಸ್ ದಿವ್ಯಾಗೆ ಮೊದಲು ಅರ್ಥವೇ ಆಗಲಿಲ್ಲ.

"ಹಾಕಿಸ್ಕೊಳ್ದೆ ಹಾಕಿಸ್ಕೊಂಡಿದೀನಿ ಅಂತ ಬರ್ಕೊಡಿ ಅಂತ ದಿನಾ ಬರ್ತಾರೆ. ಹಾಕಿಸ್ಕೊಂಡಿಲ್ಲ ಅಂತ ಬರ್ಕೊಡಿ ಅಂತ ಬಂದೋರು ನೀವೇ ಫಸ್ಟು!"

ಒಳ್ಳೆಯ ಹುಡುಗಿ. ಎರಡು ಸಲ ಮೇಲಿನವರಿಗೆ ಫೋನ್ ಮಾಡಿ ಕೇಳಿದಳು. ಒಮ್ಮೆ ಆಯಿತೆಂದು ದಾಖಲಾದದ್ದನ್ನು ಅಳಿಸಲು ಕಂಪ್ಯೂಟರಿನಲ್ಲಿ ದಾರಿಯಿಲ್ಲ ಎಂದರು. ಅಳಿಸದೆ ಹೊಸದಾಗಿ ಬರೆಯುವಂತಿಲ್ಲ. ಕೊನೆಗೆ ದನಿ ತಗ್ಗಿಸಿ ಹೇಳಿದಳು, "ಸೂಜಿ ನಾನು ಹಾಕ್ಬಿಡ್ತೀನಮ್ಮ. ಕಾಗದ ಹಂಗೇ ಇರ್ಲಿ."

"ತಾರೀಖು?"

"ತಾರೀಖು ಅದೇ ಇರುತ್ತೆ."

ಖುರ್ಷೀದಾ ದಾಖಲೆ ತಿದ್ದಿಸಲು ಅರ್ಜಿ ಬರೆಸಿ ಕೊಟ್ಟು, ಸೂಜಿ ಹಾಕಿಸಿಕೊಳ್ಳದೆ ಎದ್ದರು.

ನವೆಂಬರ್ ಹಾಗೇ ಸರಿಯಿತು. ನಾನು ಓವೈಸ್‌ಗೆ ಫೋನ್ ಮಾಡಿ, ಏನಾದರೂ ಗುರುತು ಮಾಡಿಟ್ಟು ಬಾರಪ್ಪ ಎಂದೆ. ಕಲ್ಲಿಗೆ ಹಸಿರು ಬಣ್ಣ ಬಳಿದನಂತೆ. ಅಲ್ಲಿನ ಕಾವಲುಗಾರ ಬೈದು ಅಳಿಸಿಹಾಕಿದ. ಕೊನೆಗೆ ವಿಡಿಯೊ ತೆಗೆದು, ಲೊಕೇಶನ್ ಕಳಿಸಿದ. ತಿಂಗಳ ಕೊನೆಗೆ ಊರಿಗೆ ಬಂದ. ಅಕ್ಕ ಅವನನ್ನು ಬೈಯಲಿಲ್ಲ. ಯಾವ ಕಡೆ ತಲೆ, ಯಾವ ಕಡೆ ರಸ್ತೆ, ನೆರಳು ಬೀಳುತ್ತದಾ ಎಂದು ಮತ್ತೆ ಮತ್ತೆ ಕೇಳಿದರು. "ಎಷ್ಟು ಸಲ ಹೇಳ್ಲಿ ಅಕ್ಕಾ," ಎಂದು ರೇಗಿ ಅವನೇ ಅತ್ತುಬಿಟ್ಟ.

ಹೊಸ ವರ್ಷದಲ್ಲಿ, ತಪ್ಪಾಗಿ ದಾಖಲಾದ ಡೋಸನ್ನು ರದ್ದು ಮಾಡುವ ವ್ಯವಸ್ಥೆ ಬಂತು. ದಿವ್ಯಾ ತಾನಾಗಿ ಫೋನ್ ಮಾಡಿ ತಿಳಿಸಿದಳು. ತೂಬಾ ಅರ್ಜಿ ಹಾಕಿದ ವಾರದಲ್ಲೇ ಜುಲೈನದು ಹೋಯಿತು. ಜನವರಿ ಕೊನೆಗೆ ಖುರ್ಷೀದಾ ನಿಜವಾಗಿ ಸೂಜಿ ಹಾಕಿಸಿಕೊಂಡರು. ಮಾರ್ಚ್‌ನಲ್ಲಿ ಟಿಕೆಟ್ ಮಾಡಿಸಿಕೊಟ್ಟೆ. ಓವೈಸ್ ಜೊತೆ ರೂಮಿನಲ್ಲಿದ್ದವನೊಬ್ಬ ಅಲ್ಲಿ ಕರೆದೊಯ್ಯಲು ಒಪ್ಪಿದ್ದ.

ವಾಪಸ್ ಬಂದ ಮರುದಿನ ಅಂಗಡಿಗೆ ಬಂದರು. ಬಿಸಿಲಿಗೆ ಕಪ್ಪಾಗಿದ್ದರು. ನಾನು ಟೀ ತರಿಸಿದೆ.

"ಸಿಕ್ತಾ ಆಪಾ?"

"ಇಲ್ಲ ರಾಮಣ್ಣ. ಫೋನು ತೋರಿಸಿದ ಜಾಗಕ್ಕೆ ಹೋದ್ವಿ. ಅಲ್ಲಿ ಸುತ್ತ ಮೂವತ್ತು ನಲವತ್ತು ಗೋರಿ. ಓವೈಸ್ ವಿಡಿಯೊ ತೆಗೆದಾಗ ಪಕ್ಕದ ಸಾಲು ಖಾಲಿ ಇತ್ತು, ಈಗ ತುಂಬಿದೆ. ಎಲ್ಲಾ ಒಂದೇ ಥರ ಕಲ್ಲು. ಆ ಹುಡುಗ ಇದೇ ಇರ್ಬೇಕು ಅಂದ, ಆಮೇಲೆ ಅದಿರ್ಬೇಕು ಅಂದ. ಮೂರು ದಿನ ಹೋದೆ. ಒಂದೊಂದರ ಹತ್ರಾನೂ ಸ್ವಲ್ಪ ಸ್ವಲ್ಪ ಹೊತ್ತು ಕೂತೆ."

ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಇರಲಿಲ್ಲ.

"ನವೆಂಬರ್‌ನಲ್ಲಿ ಹೋಗಿದ್ರೆ?"

"ಸಿಗ್ತಿತ್ತು," ಅಂದರು ಆಕೆ. "ಕೈಯಿಟ್ಟು ಕೂತ್ಕೋತಿದ್ದೆ."

ಟೀ ಕುಡಿದು, ಹೊಲಿಯಬೇಕಾದ ಸೀರೆಗಳಿವೆ ಎಂದು ಎದ್ದು ಹೋದರು.

ಆಕೆಯ ಸರ್ಟಿಫಿಕೇಟಿನಲ್ಲಿ ಈಗ ಜುಲೈ ಹದಿನಾರು ಇಲ್ಲ. ಕರೀಂನ ಗೋರಿ ಯಾವುದೆಂದು ಆಕೆಗೆ ಗೊತ್ತಿಲ್ಲ.