ಕೌದಿಯ ನಾಲ್ಕನೆಯ ಅಂಚು

ಕೌದಿಯನ್ನು ಎತ್ತಿದರೆ ಅದರ ಜೊತೆಗೆ ಮಂಚದ ಮೇಲುಹಾಸೂ ಎದ್ದು ಬಂತು. ಗುಂಡಿಯಮ್ಮ ಒಮ್ಮೆ ಝಾಡಿಸಿದಳು. ಬಿಡಲಿಲ್ಲ. ಇನ್ನೊಮ್ಮೆ ಜೋರಾಗಿ ಝಾಡಿಸಿದಳು. ದಿಂಬು ನೆಲಕ್ಕೆ ಬಿತ್ತು, ದಾರದ ಉಂಡೆ ಮಂಚದ ಕೆಳಗೆ ಉರುಳಿಹೋಯಿತು, ಮೇಲುಹಾಸು ಮಾತ್ರ ಅಂಟಿಕೊಂಡೇ ತೂಗಾಡಿತು. ಅಡಿಗೆ ಕೈಹಾಕಿ ತಡವಿ ನೋಡಿದಾಗ ಸಂಗತಿ ತಿಳಿಯಿತು. ಬೆಳಗಿನಿಂದ ಬೆನ್ನು ಬಗ್ಗಿಸಿ ಹೊಲಿದ ಮೂರನೆಯ ಅಂಚಿನಲ್ಲಿ ಅರ್ಧಕ್ಕರ್ಧ ಹೊಲಿಗೆ ಕೌದಿಯನ್ನು ದಾಟಿ ಹಾಸಿನೊಳಗೂ ಇಳಿದಿತ್ತು.

"ಥೂ ನಿನ್ನ!" ಎಂದಳು. ಬೈದದ್ದು ಸೂಜಿಗೋ, ಹಾಸಿಗೋ, ಮಗನಿಗೋ ಎಂದು ಕೇಳಿದ್ದರೆ ಅವಳೂ ಹೇಳುತ್ತಿರಲಿಲ್ಲ. ಗೋಡೆಯ ಗಡಿಯಾರ ನೋಡಿದಳು. ಈಗಷ್ಟೇ ನೋಡಿದ್ದಳು, ಮುಳ್ಳು ಹೆಚ್ಚೇನೂ ಸರಿದಿರಲಿಲ್ಲ. ಆದರೂ ಎದ್ದು ಕಿಟಕಿಗೆ ಹೋಗಿ ಬೀದಿ ನೋಡಿದಳು, ಬಂದು ಕೂತಳು, ಮತ್ತೆ ಎದ್ದಳು. ನಾಲ್ಕು ಗಂಟೆಗೆ ಸಾಮಾನಿನ ವ್ಯಾನು ಬರುವುದಿತ್ತು. ವ್ಯಾನಿನ ಜೊತೆ ಸೊಸೆ ಬರುತ್ತಾಳೆ, ತನ್ನ ಪೆಟ್ಟಿಗೆಗಳನ್ನು ತೆಗೆದುಕೊಂಡು ಬೇರೆ ಊರಿಗೆ ಹೋಗುತ್ತಾಳೆ. ಅಲ್ಲಿಗೆ ಮುಗಿಯಿತು.

ಸೊಸೆ ಎನ್ನಬೇಕೋ ಬೇಡವೋ ಎಂಬುದೇ ಈಗ ಅನುಮಾನ. ವಕೀಲರು ಹೇಳಿದ ಕಾಗದಗಳಿಗೆ ಇಬ್ಬರೂ ಸಹಿ ಹಾಕಿ ಆಗಿತ್ತು. ಹಾಗಂತ ಈ ಮನೆಯಲ್ಲಿ ಹೊಡೆದಾಟ ಬೈದಾಟ ಯಾರೂ ಕಂಡವರಿಲ್ಲ. ಗಂಡಹೆಂಡಿರ ನಡುವೆ ಮಾತು ಕಡಿಮೆಯಾಗುತ್ತ ಆಗುತ್ತ ಕೊನೆಗೆ ನಿಂತೇಹೋಗಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ, ಆ ಲೆಕ್ಕದಲ್ಲಿ ಈ ಮನೆಯಲ್ಲಿ ಬಂಗಾರ ಇಡಲು ಜಾಗ ಸಾಲುತ್ತಿರಲಿಲ್ಲ. ಮಗ ಬೆಳಿಗ್ಗೆಯೇ "ಕೆಲಸ ಇದೆ" ಎಂದು ಚಪ್ಪಲಿ ಮೆಟ್ಟಿ ಹೊರಟುಹೋಗಿದ್ದ. ರಜಾ ದಿನ ಯಾವ ಕೆಲಸವಪ್ಪಾ ಎಂದು ಅವಳೂ ಕೇಳಲಿಲ್ಲ.

ಕೌದಿ ಶುರುವಾದದ್ದು ಅವರ ಮದುವೆಯ ವರ್ಷ. "ನಿಮ್ಮಿಬ್ಬರಿಗೆ ನನ್ನ ಕೈಯಿಂದಾನೇ ಒಂದು ಕೌದಿ" ಎಂದು ಬಾಯಿಬಿಟ್ಟು ಹೇಳಿದ್ದಳು. ಅಂಗಿ ಕಾರ್ಖಾನೆಯಲ್ಲಿ ಗುಂಡಿ ಹಾಕುವ ಕೆಲಸ ಅವಳದು. ಗುಂಡಿಯಮ್ಮ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಕೆಟ್ಟುಹೋದ ಅಂಗಿಗಳ ಕಾಲರು, ತೋಳು, ಜೇಬಿನ ಚೂರುಗಳನ್ನು ಕೂಡಿಹಾಕಿ ಮೇಲಿನ ಪದರ ಮಾಡಿದ್ದಳು. ನಡುವೆ ಒಂದು ಹಳೆಯ ಕಂಬಳಿ, ಅಡಿಗೆ ನೀಲಿ ಬಟ್ಟೆ. ಇವತ್ತು ನಾಳೆ ಎನ್ನುತ್ತ ವರ್ಷಗಳು ಕಳೆದವು, ಕೆಲಸದಿಂದ ನಿವೃತ್ತಿಯೂ ಆಯಿತು, ಕೌದಿ ಅಟ್ಟದ ಮೇಲೇ ಇತ್ತು. ಮದುವೆ ಮುರಿದ ಸುದ್ದಿ ಕೇಳಿದ ಮೇಲೆ ಕೆಳಗಿಳಿಸಿದಳು. ಇದಕ್ಕೆ ಬುದ್ಧಿ ಎನ್ನುತ್ತಾರೋ ಭ್ರಮೆ ಎನ್ನುತ್ತಾರೋ ಅವಳಿಗೆ ಬೇಕಿರಲಿಲ್ಲ. ಕೊಡುತ್ತೇನೆ ಎಂದಿದ್ದಳು, ಕೊಡಬೇಕು.

ಈಗ ಹೊಲಿಗೆ ಬಿಚ್ಚಬೇಕು. ಬೇರೆಯವರಾಗಿದ್ದರೆ ದಾರದ ತುದಿ ಹಿಡಿದು ಸರ್ರನೆ ಎಳೆದುಬಿಡುತ್ತಿದ್ದರು. ಗುಂಡಿಯಮ್ಮನ ಕೈಯ ಹೊಲಿಗೆಗೆ ಆ ಭಾಗ್ಯವಿಲ್ಲ. ಗುಂಡಿ ಹಾಕಿ ಹಾಕಿ ಪಳಗಿದ ಕೈ, ನಾಲ್ಕು ಸಲ ಸೂಜಿ ಆಡಿದರೆ ಸಾಕು, ತಾನಾಗಿ ಒಂದು ಗಂಟು ಹಾಕಿಬಿಡುತ್ತದೆ. ಅಂಗಿ ಹರಿದರೂ ಅವಳು ಹಾಕಿದ ಗುಂಡಿ ಬೀಳುವುದಿಲ್ಲ ಎಂದು ಕಾರ್ಖಾನೆಯಲ್ಲಿ ಹೊಗಳುತ್ತಿದ್ದರು. ಆ ಹೊಗಳಿಕೆಯೇ ಇವತ್ತು ಅಂಚಿನುದ್ದಕ್ಕೂ ಸಾಲಾಗಿ ಕೂತು ಅವಳ ಮುಖ ನೋಡುತ್ತಿತ್ತು.

ಗಾಯದ ಮೇಲೆ ಬರೆ ಎಂಬಂತೆ ಕತ್ತರಿಯೂ ಕಾಣುತ್ತಿರಲಿಲ್ಲ. ಹೆಬ್ಬೆರಳಿನಷ್ಟೇ ಉದ್ದದ ದಾರದ ಕತ್ತರಿ, ನಿವೃತ್ತಿಯ ದಿನ ಜೊತೆಯವರೆಲ್ಲ ಸೇರಿ ಚರ್ಮದ ಪುಟ್ಟ ಚೀಲದಲ್ಲಿಟ್ಟು ಕೊಟ್ಟದ್ದು. ಮುಟ್ಟಿದವರ ಕೈ ಮುರಿಯುತ್ತೇನೆ ಎಂದು ಮಗನಿಗೂ ಹೇಳಿಟ್ಟಿದ್ದಳು. ಬೆಳಿಗ್ಗೆ ಇತ್ತು. ದಿಂಬಿನಡಿ ನೋಡಿದಳು, ಮಂಚದಡಿ ಬಗ್ಗಿ ನೋಡಿದಳು, ಅಡುಗೆಮನೆಯ ಡಬ್ಬಗಳ ಹಿಂದೆಯೂ ನೋಡಿದಳು, ಕತ್ತರಿಗೆ ಅಲ್ಲೇನು ಕೆಲಸ ಎಂದು ಗೊತ್ತಿದ್ದೂ. ಕೊನೆಗೆ ತಾಳ್ಮೆ ಕೆಟ್ಟು ದಾರವನ್ನು ಬಾಯಿಗೆ ತಂದು ಮುಂದಿನ ಹಲ್ಲಿನಲ್ಲಿ ಕಟಕ್ಕನೆ ಕಚ್ಚಿದಳು.

ಆ ಹಲ್ಲು ಅವಳದಲ್ಲ. ಮೇಲಿನ ಸಾಲು ಪೂರ್ತಿ ಸೊಸೆ ಮಾಡಿಕೊಟ್ಟದ್ದು. ಹಲ್ಲಿನ ಸೆಟ್ಟು ಮಾಡುವುದೇ ಸೊಸೆಯ ಕಸುಬು. ಅತ್ತೆಯ ಬಾಯಿಗೆ ಹೊಂದುವವರೆಗೆ ಮೂರು ಸಲ ಕೆಡವಿ ಮಾಡಿದ್ದಳು. ಕೊಡುವಾಗ ಹೇಳಿದ್ದು ಒಂದೇ ಮಾತು: ಏನು ಬೇಕಾದರೂ ತಿನ್ನಿ, ದಾರ ಮಾತ್ರ ಕಚ್ಚಬೇಡಿ.

"ಬಾಗಿಲು ತೆಗೆದೇ ಇಟ್ಕೊಂಡು ಕೂತಿದ್ದೀರಲ್ಲ ಅತ್ತೆ."

ಗುಂಡಿಯಮ್ಮ ಬೆಚ್ಚಿ ಹಿಂತಿರುಗಿದಳು. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಸ್ವಲ್ಪ ಸೊರಗಿದ್ದಳು, ಕೂದಲು ಕತ್ತರಿಸಿಕೊಂಡಿದ್ದಳು.

"ಇಷ್ಟು ಬೇಗ ಬಂದ್ಬಿಟ್ಯಾ? ನಾಲ್ಕಕ್ಕೆ ಅಂದಿದ್ದೆ!"

"ವ್ಯಾನಿನವರಿಗೆ ಸಾಯಂಕಾಲ ಇನ್ನೊಂದು ಮನೆ ಇದೆಯಂತೆ. ಅವಸರ ಮಾಡಿದ್ರು." ಅವಳ ಕಣ್ಣು ಮಂಚದ ಕಡೆ ಹೋಯಿತು. "ಏನದು?"

"ಏನಿಲ್ಲ," ಎಂದು ಗುಂಡಿಯಮ್ಮ ಕೌದಿಯ ಮೇಲೆ ಕೂತುಬಿಟ್ಟಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಿತ್ತು ಅದು. ಮಂಚದ ತುಂಬ ಹರಡಿದ ಕೌದಿ ಎರಡೂ ಕಡೆ ಇಣುಕುತ್ತಿತ್ತು. ಸೊಸೆ ಬಂದು ಒಂದು ಮೂಲೆ ಎತ್ತಿದಳು. ಮೇಲುಹಾಸೂ ಎದ್ದಿತು. ಅವಳು ಅದನ್ನು ನೋಡಿದಳು, ಅತ್ತೆಯ ಮುಖ ನೋಡಿದಳು, ಆಮೇಲೆ ನಕ್ಕಳು. ತಡೆಯಲಾಗದೆ ಹೊಟ್ಟೆ ಹಿಡಿದು ನಕ್ಕಳು. ಈ ಕೋಣೆಯಲ್ಲಿ ಅಂಥ ನಗು ಕೇಳಿ ಬಹಳ ಕಾಲವಾಗಿತ್ತು.

"ನಗು, ನಗು. ಮಂಚ ಬಿಟ್ಟು ಹೊಲ್ದಿದೀನಲ್ಲ, ಅದಕ್ಕೆ ಸಂತೋಷ ಪಡು."

"ನಮ್ಮ ಕೌದಿನಾ ಇದು?" ಎಂದವಳು 'ನಮ್ಮ' ಎಂಬಲ್ಲಿ ತಡವರಿಸಿ, ಮೂಲೆಯನ್ನು ಕೆಳಗಿಟ್ಟಳು. "ಇಷ್ಟು ದೊಡ್ಡದು ನನಗೊಬ್ಬಳಿಗೆ ಯಾಕೆ ಅತ್ತೆ?"

"ಎರಡು ಮಡಿಕೆ ಮಾಡಿ ಹೊದ್ಕೋ. ಇನ್ನೂ ಬೆಚ್ಚಗಿರತ್ತೆ."

ಸೊಸೆ ಅವಳ ಗದ್ದ ಹಿಡಿದಳು. "ಬಾಯಿ ತೆಗೀರಿ."

"ಯಾಕೆ?"

"ತೆಗೀರಿ ಅಂದ್ರೆ ತೆಗೀರಿ." ಕಿಟಕಿಯ ಬೆಳಕಿಗೆ ಮುಖ ತಿರುಗಿಸಿ ಒಳಗೆ ನೋಡಿದಳು. "ದಾರ ಕಚ್ಚಿದ್ದೀರ."

"ಇಲ್ಲಪ್ಪ."

"ಹಲ್ಲಿನ ಸಂದೀಲಿ ನೀಲಿ ಎಳೆ ಇದೆ. ತುದಿ ಚೂರು ಎದ್ದುಹೋಗಿದೆ. ಎಷ್ಟು ಸಲ ಹೇಳಿದ್ದೆ? ನಾನಿಲ್ಲದಾಗ ಇದನ್ನ ಯಾರು ಸರಿ ಮಾಡ್ತಾರೆ?"

ಬಾಯಿ ತೆರೆದೇ ಇದ್ದುದರಿಂದ ಗುಂಡಿಯಮ್ಮನಿಗೆ ಉತ್ತರ ಕೊಡಲಾಗಲಿಲ್ಲ. ಗದ್ದದ ಮೇಲಿನ ಬೆರಳುಗಳು ತಣ್ಣಗಿದ್ದವು, ಅವು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಲಿ ಎನಿಸಿತು.

"ಆ ಹಾಳು ಕತ್ತರಿ ಸಿಕ್ಕಿದ್ರೆ ನಿನ್ನ ಕೈಲಿ ಯಾಕೆ ಬೈಸ್ಕೊಳ್ತಿದ್ದೆ?" ಎಂದಳು, ಬಿಟ್ಟ ಮೇಲೆ.

ವ್ಯಾನಿನವನು ಮತ್ತು ಅವನ ಜೊತೆಗಾರ ಪೆಟ್ಟಿಗೆಗಳನ್ನು ಮಹಡಿಯಿಂದ ಕೆಳಗಿಳಿಸತೊಡಗಿದರು. ಸೊಸೆ ಒಂದು ಪೆಟ್ಟಿಗೆಯನ್ನು ತಡೆದು, ಅದರಿಂದ ಹಲ್ಲಿನ ಅಚ್ಚಿನ ಮೇಣ ಕೆತ್ತುವ ಸಣ್ಣ ಕೊಕ್ಕೆಯೊಂದನ್ನು ಹುಡುಕಿ ತೆಗೆದು ಮಂಚದ ಮೇಲೆ ಅತ್ತೆಯ ಎದುರು ಕೂತಳು. ಗಂಟಿನಡಿಗೆ ಕೊಕ್ಕೆ ತೂರಿಸಿ ಸಡಿಲ ಮಾಡುವುದು ಅವಳ ಕೆಲಸ, ದಾರ ಎಳೆಯುವುದು ಇವಳ ಕೆಲಸ.

"ಅಬ್ಬಬ್ಬಾ, ಹೆಜ್ಜೆಗೊಂದು ಗಂಟು! ಕೌದಿ ಏನು ಓಡಿಹೋಗತ್ತಾ?"

"ಕೈಗೆ ಅಭ್ಯಾಸ. ಗಂಟು ಹಾಕದೆ ಬಿಟ್ರೆ ಅದಕ್ಕೆ ಸಮಾಧಾನವೇ ಇಲ್ಲ."

ಮೆಟ್ಟಿಲ ಮೇಲೆ ಪೆಟ್ಟಿಗೆ ತಾಗುವ ಸದ್ದು, "ನಿಧಾನ, ನಿಧಾನ" ಎಂಬ ಕೂಗು. ಒಂದೊಂದು ಪೆಟ್ಟಿಗೆ ಹೋದಾಗಲೂ ಕೋಣೆ ಅಷ್ಟಷ್ಟು ದೊಡ್ಡದಾಗುತ್ತಿತ್ತು. ಈ ಹುಡುಗಿ ಹೋದರೆ ಹಲ್ಲು ನೋಯುತ್ತಿದೆಯಾ, ಊಟ ಆಯಿತಾ, ಯಾಕೆ ಮುಖ ಊದಿಸಿದ್ದೀರಿ ಎಂದು ಕೇಳುವವರು ಯಾರೂ ಇಲ್ಲ. ಮಗನಿದ್ದಾನೆ, ನಿಜ. ಗೋಡೆಯೂ ಇದೆ.

"ಒಂದು ಮಾತು ಕೇಳ್ಲಾ?"

"ಅವರ ವಿಷಯ ಆದ್ರೆ ಬೇಡ ಅತ್ತೆ."

"ಅವನ ವಿಷಯ ಯಾರಿಗೆ ಬೇಕು? ನನ್ನ ವಿಷಯ." ದಾರ ಜೋರಾಗಿ ಎಳೆದಳು, ಅದು ತುಂಡಾಯಿತು. "ಆಗಾಗ ಬರ್ತಿರ್ತೀಯಾ?"

ಕೊಕ್ಕೆ ನಿಂತಿತು. ಸೊಸೆ ತಲೆ ಎತ್ತಲಿಲ್ಲ.

"ಬರ್ತೀನಿ ಅಂತ ಹೇಳಿಬಿಡಬಹುದು. ಬಾಯಿಗೇನು. ಆದ್ರೆ ನಿಮಗೆ ಸುಳ್ಳು ಹೇಳಕ್ಕೆ ಮನಸ್ಸಿಲ್ಲ. ಬಾಗಿಲು ಅವರು ತೆಗೆದ್ರೆ ಏನು ಹೇಳ್ಲಿ? ಯಾಕೆ ಬಂದೆ ಅಂದ್ರೆ? ಸುಮ್ಮಸುಮ್ಮನೆ ಹೇಗೆ ಬರೋದು ಅತ್ತೆ?"

"ನನ್ನನ್ನ ನೋಡಕ್ಕೆ ಬಂದೆ ಅನ್ನು."

"ಅಷ್ಟು ಸುಲಭ ಆಗಿದ್ರೆ..." ಎಂದವಳು ಅಲ್ಲಿಗೇ ನಿಲ್ಲಿಸಿ ಮುಂದಿನ ಗಂಟಿಗೆ ಕೊಕ್ಕೆ ಹಾಕಿದಳು.

ಗುಂಡಿಯಮ್ಮನಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹುಡುಗಿ ಹೇಳಿದ್ದು ಸರಿ ಎಂಬುದಕ್ಕೇ ಹೆಚ್ಚು ಸಿಟ್ಟು ಬಂತು.

ಮೇಲುಹಾಸು ಕಡೆಗೂ ಬಿಟ್ಟುಕೊಂಡು ನೆಲಕ್ಕೆ ಬಿದ್ದಿತು. ಮೂರನೆಯ ಅಂಚನ್ನು ಇಬ್ಬರೂ ಸೇರಿ ಉದ್ದುದ್ದ ಹೊಲಿಗೆಯಲ್ಲಿ ಮುಚ್ಚಿದರು. ಅಂದ ನೋಡುವ ಹೊತ್ತಲ್ಲ ಅದು. ನಾಲ್ಕನೆಯ ಅಂಚು ಮಾತ್ರ ಬಾಯಿ ತೆರೆದುಕೊಂಡಿತ್ತು. ಒಂದು ತುದಿಯಿಂದ ಸೊಸೆ, ಇನ್ನೊಂದು ತುದಿಯಿಂದ ಅತ್ತೆ ಹಿಡಿದರು. ಕೆಳಗೆ ಹಾರನ್ ಕೇಳಿಸಿತು.

"ಅಮ್ಮಾ, ಪೂರ್ತಿ ಆಯ್ತು! ನಿಮ್ಮದಾಯ್ತಾ?" ವ್ಯಾನಿನವನು ಬೀದಿಯಿಂದಲೇ ಕೂಗಿದ.

"ಬಂದೆ, ಬಂದೆ!" ಸೊಸೆ ಕೂತಲ್ಲಿಂದಲೇ ಕೂಗಿ, ತಲೆ ಬಗ್ಗಿಸಿ ಬೇಗ ಬೇಗ ಸೂಜಿ ಆಡಿಸಿದಳು.

ಗುಂಡಿಯಮ್ಮ ತನ್ನ ಕಡೆಯ ಮೂಲೆಯ ಪದರಗಳನ್ನು ಸರಿಪಡಿಸಲು ಎರಡು ಬೆರಳು ಒಳಗಿಟ್ಟಳು. ಕಂಬಳಿಯ ಮೇಲೆ ಏನೋ ಗಟ್ಟಿಯಾಗಿ ತಗುಲಿತು. ಬೆರಳಿಗೆ ಚರ್ಮದ ನುಣುಪು ತಿಳಿಯಿತು, ಚೀಲದ ಪುಟ್ಟ ಗುಂಡಿಯೂ ತಿಳಿಯಿತು. ಆ ಗುಂಡಿಯನ್ನು ಹಾಕಿದ್ದು ಅವಳೇ. ಬೆಳಿಗ್ಗೆ ಕಂಬಳಿಯ ಸುಕ್ಕು ಬಿಡಿಸುವಾಗ ಕೈಯಲ್ಲಿದ್ದ ಕತ್ತರಿಯನ್ನು ಅಲ್ಲೇ ಇಟ್ಟು ಮರೆತಿದ್ದಳು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು ತನ್ನ ಕಥೆ, ಎಂದುಕೊಂಡಳು.

ಎರಡು ಬೆರಳಲ್ಲಿ ಹಿಡಿದು ಎಳೆದಿದ್ದರೆ ಬರುತ್ತಿತ್ತು. ಹಿಡಿದಳು ಕೂಡ. ಎದುರಿಗೆ ಸೊಸೆಯ ಬಗ್ಗಿದ ತಲೆ, ಹೊಸದಾಗಿ ಕತ್ತರಿಸಿದ ಕೂದಲಿನ ಕೆಳಗೆ ಬರಿದಾಗಿ ಕಾಣುವ ಕುತ್ತಿಗೆ. ಸುಮ್ಮಸುಮ್ಮನೆ ಹೇಗೆ ಬರೋದು ಅಂದಿದ್ದಳಲ್ಲ. ಗುಂಡಿಯಮ್ಮ ಬೆರಳುಗಳನ್ನು ಬರಿದೇ ಹೊರತೆಗೆದಳು. ಪದರಗಳನ್ನು ಕೂಡಿಸಿ ಹಿಡಿದು ಆ ಮೂಲೆಯನ್ನು ಹೊಲಿದಳು. ಗಂಟು ಹಾಕಿದಳು. ಅದರ ಮೇಲೆ ಇನ್ನೊಂದು, ಅದರ ಪಕ್ಕ ಮತ್ತೊಂದು.

ಇಬ್ಬರ ಹೊಲಿಗೆಗಳು ನಡುವೆ ಸೇರಿದಾಗ ಸೊಸೆ ತನ್ನ ಕೊಕ್ಕೆಯ ತುದಿಯಿಂದ ದಾರ ಹರಿದಳು. ಎದುರುಬದುರು ನಿಂತು ಕೌದಿ ಮಡಿಚಿದರು. ಕೊನೆಯ ಮಡಿಕೆಗೆ ಸೊಸೆ ಹತ್ತಿರ ಬಂದು ಅತ್ತೆಯ ಕೈಯಲ್ಲಿದ್ದ ಮೂಲೆಗಳನ್ನು ತೆಗೆದುಕೊಂಡಳು. ಅವಳ ಹೆಬ್ಬೆರಳು ಒಂದು ಮೂಲೆಯಲ್ಲಿ ನಿಂತಿತು, ಒತ್ತಿ ನೋಡಿತು.

"ಈ ಮೂಲೆ ಸ್ವಲ್ಪ ಭಾರ ಅಲ್ವಾ?"

"ಕಂಬಳಿ ಮುದುಡಿರಬೇಕು."

"ಇರಬೇಕು," ಎಂದಳು ಸೊಸೆ. ಅತ್ತೆಯ ಮುಖ ನೋಡಲಿಲ್ಲ. ಕೌದಿಯನ್ನು ಎದೆಗವಚಿಕೊಂಡಾಗ ಅವಳ ಗಲ್ಲದವರೆಗೂ ಬಂತು. ಮೆಟ್ಟಿಲಿನ ತಿರುವಿನವರೆಗೆ ಹೋದವಳು ನಿಂತು, ಹಿಂತಿರುಗಿ ಹೇಳಿದಳು: "ಕತ್ತರಿ ಬರೋವರೆಗೆ ದಾರ ಕಚ್ಚಬೇಡಿ. ತಿಳೀತಾ?"

"ತಿಳೀತು, ಹೋಗು. ಹಾರನ್ ಹೊಡೀತಿದಾನೆ."

ವ್ಯಾನಿನ ಸದ್ದು ಬೀದಿಯ ಕೊನೆಯಲ್ಲಿ ಅಡಗುವವರೆಗೆ ಗುಂಡಿಯಮ್ಮ ಕಿಟಕಿಯಲ್ಲಿದ್ದಳು. ಆಮೇಲೆ ಕೋಣೆಯಲ್ಲಿ ಅತ್ತಿಂದಿತ್ತ ಓಡಾಡಿದಳು. ಪೆಟ್ಟಿಗೆಗಳಿದ್ದ ಜಾಗದ ಧೂಳು ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ನೆಲದ ಮೇಲಿದ್ದ ಮೇಲುಹಾಸನ್ನು ಎತ್ತಿ ನೋಡಿದರೆ ಅಂಚಿನ ಉದ್ದಕ್ಕೂ ಸೂಜಿಯ ತೂತು, ಒಂದು ಕಡೆ ಬಿಚ್ಚುವ ಅವಸರದಲ್ಲಿ ಹರಿದೇಹೋಗಿತ್ತು. ಮಗ ಬರುವುದರೊಳಗೆ ಹೊಲಿದುಬಿಡೋಣ ಎಂದು ಕಿಟಕಿಯ ಬಳಿ ಕೂತಳು.

ಹರಕು ಸಣ್ಣದು, ಬೇಗ ಮುಗಿಯಿತು. ಗಂಟು ಹಾಕಿದಳು. ಅಭ್ಯಾಸಬಲದಿಂದ ಕೈ ಪಕ್ಕಕ್ಕೆ ಹೋಗಿ ಕತ್ತರಿಗಾಗಿ ತಡಕಿ, ಬರಿದೇ ಹಿಂದೆ ಬಂತು. ದಾರವನ್ನು ಬಾಯಿಗೆ ತಂದಳು. ಮುಂದಿನ ಹಲ್ಲಿನ ಮೊಂಡಾದ ತುದಿ ನಾಲಿಗೆಗೆ ತಗುಲಿತು. ಸ್ವಲ್ಪ ಹೊತ್ತು ದಾರವನ್ನು ತುಟಿಗಳ ನಡುವೆ ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ಬಿಟ್ಟು, ಮೇಲುಹಾಸನ್ನು ಮಂಚದ ಮೇಲೆ ಹರಡಿ ಸುಕ್ಕು ತೀಡಿದಳು. ಕತ್ತರಿಸದೆ ಉಳಿದ ದಾರ ಮಂಚದ ಅಂಚಿನಿಂದ ಇಳಿಬಿದ್ದಿತ್ತು, ಅದರ ತುದಿಯಲ್ಲಿ ಸೂಜಿ ಇನ್ನೂ ಮೆಲ್ಲಗೆ ಆಡುತ್ತಿತ್ತು.